ಸುತ್ತಿಗೆಯ ಸದ್ದು, ಕಡಲಿನ ಸದ್ದು

ಅಡಾಜಣಿನ ನಮ್ಮ ಮನೆಗೆ ಮೊದಲ ಬಾರಿ ಬರುವವರು ಹೊಸಿಲಿನ ಬಳಿ ಒಂದು ಕ್ಷಣ ತಡೆದು ನಿಲ್ಲುವುದುಂಟು. ಪಾದರಕ್ಷೆಗಳನ್ನು ಬಿಡುವ ಮೂಲೆಯಲ್ಲಿ, ಗೋಡೆಗೆ ಒರಗಿ, ನಾಲ್ಕು ಕೊಕ್ಕೆಗಳುಳ್ಳ ಕಬ್ಬಿಣದ ಲಂಗರೊಂದು ನಿಂತಿದೆ. ತೂಕ ಸುಮಾರು ಹನ್ನೆರಡು ಕಿಲೋ. ನೆರೆಮನೆಯ ಗುಜರಾತಿ ವೃದ್ಧೆಯೊಬ್ಬರು ಅದನ್ನು ಯಾವುದೋ ದಕ್ಷಿಣದ ದೇವರ ಆಯುಧವೆಂದು ಬಗೆದು ಕೈಮುಗಿದು ಹೋದರು. ನಾನು ತಿದ್ದಲು ಹೋಗಲಿಲ್ಲ. ಅದು ನಮ್ಮ ತಂದೆಯವರು ಗಂಗೊಳ್ಳಿಯ ತಮ್ಮ ಸಾಲೆಯಲ್ಲಿ 1971ರಲ್ಲಿ ಬಡಿದು ಮಾಡಿದ ಲಂಗರು. ದೋಣಿಗಾಗಿ ಮಾಡಿದ್ದು ಹೌದು, ಆದರೆ ಒಂದು ದಿನವೂ ಕಡಲಿಗಿಳಿಯಲಿಲ್ಲ.

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ನಾನು ವೈದ್ಯನಲ್ಲ, ಕಬ್ಬಿಣದೊಡನೆ ಹೆಣಗಿ ನಿವೃತ್ತನಾದವನು ಎಂದು ತಪ್ಪಿಸಿಕೊಳ್ಳಲು ಯತ್ನಿಸಿದೆ. ಅವರು ಬಿಡಲಿಲ್ಲ. ಮಧುಮೇಹ, ರಕ್ತದೊತ್ತಡಗಳ ಬಗ್ಗೆ ಬರೆಯಲು ನಮ್ಮಲ್ಲಿ ತಜ್ಞರಿದ್ದಾರೆ. ಆ ಲಂಗರು ಕಡಲಿಗೇಕೆ ಇಳಿಯಲಿಲ್ಲವೆಂಬುದನ್ನು ಮಾತ್ರ ನನ್ನ ಹೊರತು ಬರೆಯುವವರಿಲ್ಲ; ಮತ್ತು ಅದು ಆರೋಗ್ಯದ ವಿಷಯವೇ ಆಗಿದೆ ಎಂಬುದನ್ನು ಅರಿಯಲು ನನಗೆ ಹದಿನೆಂಟು ವರ್ಷಗಳು ಬೇಕಾದವು.

ಗಂಗೊಳ್ಳಿಯನ್ನು ಕಾಣದವರಿಗಾಗಿ ಎರಡು ಮಾತು. ಕುಂದಾಪುರದ ಎದುರಿಗೆ, ಪಂಚಗಂಗಾವಳಿ ಹೊಳೆಯ ಆಚೆ ದಡದಲ್ಲಿರುವ ಚಿಕ್ಕ ಬಂದರು ನಮ್ಮೂರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ ಮೊದಲಾದ ಐದು ನದಿಗಳು ಅಲ್ಲಿ ಒಂದಾಗಿ ಕಡಲು ಸೇರುತ್ತವೆ. ಇಂದು ಉಡುಪಿ ಜಿಲ್ಲೆಗೆ ಸೇರಿದ ಈ ಊರು ನನ್ನ ಬಾಲ್ಯದಲ್ಲಿ ದಕ್ಷಿಣ ಕನ್ನಡದಲ್ಲಿತ್ತು. ಕೊಂಕಣಿಯಾಡುವ ಖಾರ್ವಿಗಳು, ಕನ್ನಡವಾಡುವ ಮೊಗವೀರರು, ಮುಸಲ್ಮಾನರು, ಕ್ರೈಸ್ತರು, ವ್ಯಾಪಾರದ ಮನೆತನಗಳವರು, ಎಲ್ಲರೂ ಒಂದು ಕಿರಿದಾದ ಮರಳಿನ ಪಟ್ಟಿಯ ಮೇಲೆ ಒತ್ತಾಗಿ ಬದುಕುತ್ತಿದ್ದೆವು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ಯಾವ ಮನೆಯಲ್ಲಿ ಮಲಗಿದರೂ ರಾತ್ರಿ ನೀರಿನ ಸದ್ದು ಕೇಳುತ್ತಿತ್ತು.

ಕಬ್ಬಿಣಕ್ಕೂ ನಮ್ಮ ಕರಾವಳಿಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಸೌಪರ್ಣಿಕೆ ಹುಟ್ಟುವ ಕೊಡಚಾದ್ರಿಯ ಮೇಲೆ, ಮೂಲ ಮೂಕಾಂಬಿಕೆಯ ಗುಡಿಯ ಎದುರು ಒಂದು ಕಬ್ಬಿಣದ ಕಂಬವಿದೆ. ವರ್ಷಕ್ಕೆ ಹಲವು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಆ ಶಿಖರದಲ್ಲಿ ಅದು ಕರಗದೆ ನಿಂತಿರುವುದನ್ನು ಲೋಹಶಾಸ್ತ್ರಜ್ಞ ಟಿ. ಆರ್. ಅನಂತರಾಮನ್ ಅವರಂಥವರೂ ಅಧ್ಯಯನಕ್ಕೆತ್ತಿಕೊಂಡರು. ಹದಿನಾರನೆಯ ಶತಮಾನದ ಆದಿಯಲ್ಲಿ ಈ ತೀರವನ್ನು ವರ್ಣಿಸಿದ ಪೋರ್ಚುಗೀಸ ದುವಾರ್ತೆ ಬಾರ್ಬೋಸಾ, ಹೋರ್ಮುಜಿನ ಹಡಗುಗಳು ಭಟ್ಕಳದಿಂದ ಅಕ್ಕಿ, ಸಕ್ಕರೆಗಳೊಡನೆ ಕಬ್ಬಿಣವನ್ನೂ ತುಂಬಿಕೊಂಡು ಹೋಗುತ್ತಿದ್ದವೆಂದು ಬರೆದಿದ್ದಾನೆ. ಅದೇ ಬಾರ್ಬೋಸಾ ನಮ್ಮ ಅಡಾಜಣಿಗೆ ಅಂಟಿಕೊಂಡೇ ಇರುವ ರಾಂದೇರನ್ನೂ ಅದರ ಸಿರಿವಂತ ಹಡಗು ವ್ಯಾಪಾರಿಗಳನ್ನೂ ವರ್ಣಿಸಿದ್ದಾನೆ. 1530ರಲ್ಲಿ ಪೋರ್ಚುಗೀಸರು ಆ ಊರನ್ನು ಸುಟ್ಟರು. ಸಂಜೆಯ ಹೊತ್ತು ರಾಂದೇರಿನ ಹಳೆಯ ಬೀದಿಗಳಲ್ಲಿ ನಡೆಯುವಾಗ, ನಮ್ಮ ಘಟ್ಟದ ಕಬ್ಬಿಣದ ಒಂದು ಮೊಳೆಯಾದರೂ ಇಲ್ಲಿನ ಯಾವುದೋ ಹಡಗಿನಲ್ಲಿ ಇದ್ದಿರಬಹುದೆಂದು ನಾನು ಸುಮ್ಮನೆ ಕಲ್ಪಿಸಿಕೊಳ್ಳುವುದುಂಟು. ಇದು ಇತಿಹಾಸವಲ್ಲ, ಊರು ಬಿಟ್ಟವನ ಹುಚ್ಚು.

ನಮ್ಮ ಸಾಲೆ ಇದ್ದದ್ದು ಪೇಟೆಗೂ ದಡಕ್ಕೂ ನಡುವೆ. ತೆಂಗಿನ ಗರಿಯ ಮಾಡು, ಮಣ್ಣಿನ ಕುಲುಮೆ, ಚರ್ಮದ ತಿದಿ, ಹುಣಿಸೆಮರದ ಬೊಡ್ಡೆಯಲ್ಲಿ ನೆಟ್ಟ ಅಡಿಗಲ್ಲು, ಪಕ್ಕದಲ್ಲಿ ನೀರಿನ ಕಲ್ಲುಮರಿಗೆ. ಒಳಗೆ ಸದಾ ಮಬ್ಬು. ಬೆಳಕು ಹೆಚ್ಚಾದರೆ ಕಾದ ಕಬ್ಬಿಣದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆಂದು ತಂದೆಯವರು ಕಿಟಕಿಯನ್ನು ಇಡಗೊಡಲಿಲ್ಲ. ಬಾಗಿಸುವುದಕ್ಕೆ ಒಂದು ಕೆಂಪು, ಚಪ್ಪಟೆ ಮಾಡುವುದಕ್ಕೆ ಇನ್ನೊಂದು ಕೆಂಪು, ಬೆಸೆಯುವುದಕ್ಕೆ ಕಿಡಿ ಸಿಡಿಯುವ ಬಿಳುಪು. ಉಷ್ಣಮಾಪಕವಿಲ್ಲದೆ ಅವರ ಕಣ್ಣು ಇವುಗಳನ್ನು ಬೇರ್ಪಡಿಸುತ್ತಿತ್ತು. ಬೆಸುಗೆಗೆ ಮುನ್ನ ಕಾದ ತುದಿಗಳ ಮೇಲೆ ಒಂದು ಚಿಟಿಕೆ ಹೊಯಿಗೆ ಉದುರಿಸುವರು. ಅದು ಕರಗಿ ಕಬ್ಬಿಣದ ಮೇಲಿನ ಕಿಟ್ಟವನ್ನು ಎಳೆದುಕೊಂಡು ಹೊರಬೀಳುವುದು. ತಿದಿ ಎಳೆಯುವ ಕೆಲಸ ನನ್ನದು. ಶಾಲೆಗೆ ಹೋಗುವ ಮೊದಲು ಒಂದು ಗಂಟೆ, ಬಂದ ಮೇಲೆ ಎರಡು ಗಂಟೆ.

ಒಂದು ದೋಣಿಗೆ ಎಷ್ಟು ಕಬ್ಬಿಣ ಬೇಕೆಂಬುದನ್ನು ದಡದಲ್ಲಿ ನಿಂತು ನೋಡಿದವರು ಊಹಿಸಲಾರರು. ಹಲಗೆಗಳನ್ನು ಕೂಡಿಸುವ ಮೊಳೆಗಳು, ಚುಕ್ಕಾಣಿಯ ಕೀಲುಗಳು, ಬಳೆಗಳು, ದೊಡ್ಡ ಮೀನಿನ ಗಾಳಗಳು, ದೋಣಿ ಕೆತ್ತುವ ಆಚಾರಿಯ ಬಾಚಿ, ಉಳಿ, ಇವೆಲ್ಲವೂ ಕಮ್ಮಾರನ ಕೈಯಿಂದಲೇ ಬರಬೇಕು. ಮೀನು ಕೊಯ್ಯುವ ಕತ್ತಿಗಳನ್ನು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡುತ್ತಿದ್ದರು. ಅಷ್ಟು ಒಳ್ಳೆಯ ಉಕ್ಕು ಪೇಟೆಯಲ್ಲಿ ದುಡ್ಡು ಕೊಟ್ಟರೂ ಸಿಗದು. ಎಲ್ಲಕ್ಕಿಂತ ಗೌರವದ ಕೆಲಸವೆಂದರೆ ಲಂಗರು. ನಾಲ್ಕು ಸಲಾಕೆಗಳನ್ನು ಕಟ್ಟುಹಾಕಿ, ಅರ್ಧದವರೆಗೆ ಬೆಸೆದು ಒಂದೇ ಕಾಂಡವಾಗಿಸಿ, ಉಳಿದರ್ಧವನ್ನು ನಾಲ್ಕು ದಿಕ್ಕಿಗೆ ಬಾಗಿಸಿ, ತುದಿಗಳನ್ನು ಎಲೆಯಂತೆ ಚಪ್ಪಟೆ ಮಾಡಬೇಕು. ಬೆಸುಗೆ ಎಲ್ಲಿಯಾದರೂ ಹುಸಿಯಾದರೆ ಹೊರಗೆ ಕಾಣದು. ಅದು ಬಿಡುವುದು ನಡುರಾತ್ರಿಯಲ್ಲಿ, ಗಾಳಿ ಎದ್ದಾಗ, ಬಂಡೆಗಳ ಹತ್ತಿರ. ಆದುದರಿಂದ ದೋಣಿಯವರು ಎಲ್ಲರ ಬಳಿ ಲಂಗರು ಮಾಡಿಸುತ್ತಿರಲಿಲ್ಲ.

ಕೂಲಿ ಹಣದಲ್ಲಿ ಸಂದಾಯವಾಗುತ್ತಿದ್ದುದು ಕಡಿಮೆ. ರಂಪಣಿ ಬಲೆ ಎಳೆದ ದಿನ ನಮ್ಮ ಮನೆಗೆ ಬುಟ್ಟಿ ತುಂಬ ಬಂಗುಡೆ ಬರುತ್ತಿತ್ತು. ಒಂದು ಕಿಲೋಮೀಟರಿಗೂ ಮೀರಿ ಉದ್ದವಿದ್ದ ಆ ಬಲೆಯನ್ನು ದೋಣಿಯಿಂದ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಗಳನ್ನು ದಡದಿಂದ ಹತ್ತಾರು ಮಂದಿ ಸೇರಿ ಎಳೆಯಬೇಕಿತ್ತು. ಹಗ್ಗಕ್ಕೆ ಕೈಹಚ್ಚಿದವನು ಬರಿಗೈಯಲ್ಲಿ ಹಿಂದಿರುಗಿದ್ದನ್ನು ನಾನು ಕಂಡಿಲ್ಲ. ಶಾಲೆ ತಪ್ಪಿಸಿ ಹಗ್ಗ ಹಿಡಿದು ಎರಡು ಬಂಗುಡೆಗಳೊಡನೆ ಮನೆಗೆ ಹೋದರೆ ಅಮ್ಮ ಗದರುವುದನ್ನು ಮರೆತು ಮಸಾಲೆ ಅರೆಯಲು ಕೂಡುತ್ತಿದ್ದಳು. ಬೈಗೆ ಮೀನು, ಅಂದರೆ ಮಂಗಳೂರಿನವರ ಬೂತಾಯಿ, ವಿಪರೀತ ಸಿಕ್ಕಿದ ವರ್ಷ ಅದನ್ನು ತೆಂಗಿನಮರದ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು, ಕೊಪ್ಪರಿಗೆಗಳಲ್ಲಿ ಬೇಯಿಸಿ ಎಣ್ಣೆ ತೆಗೆಯುತ್ತಿದ್ದರು.

ಆ ಎಣ್ಣೆಯ ಒಂದು ಡಬ್ಬಿ ಸಾಲೆಯ ಮೂಲೆಯಲ್ಲಿ ಸದಾ ಇರುತ್ತಿತ್ತು. ಉಪ್ಪುಗಾಳಿಯಲ್ಲಿ ಕಬ್ಬಿಣ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ಮಾಡಿ ಮುಗಿಸಿದ ವಸ್ತು ಇನ್ನೂ ಬೆಚ್ಚಗಿರುವಾಗಲೇ ತಂದೆಯವರು ಅದಕ್ಕೆ ಮೀನೆಣ್ಣೆ ಒರೆಸಿ ತೂಗುಹಾಕುತ್ತಿದ್ದರು. ಮೀನೆಣ್ಣೆಯು ಗಾಳಿಯೊಡನೆ ಕೂಡಿ ನಿಧಾನವಾಗಿ ಗಟ್ಟಿಯಾಗಿ ತೆಳುವಾದ ಪೊರೆಯಾಗುತ್ತದೆ. ಇದೇ ಗುಣವನ್ನು ಗಮನಿಸಿದ ರಾಬರ್ಟ್ ಫರ್ಗ್ಯುಸನ್ ಎಂಬ ಹಡಗಿನ ಕಪ್ತಾನನೊಬ್ಬ 1921ರಲ್ಲಿ ಅಮೆರಿಕದಲ್ಲಿ ‘ರಸ್ಟ್-ಓಲಿಯಮ್’ ಎಂಬ ತುಕ್ಕುನಿರೋಧಕ ಬಣ್ಣದ ಉದ್ಯಮವನ್ನೇ ಕಟ್ಟಿದನೆಂದು ನಾನು ತಿಳಿದದ್ದು ಬಹಳ ತಡವಾಗಿ. ಕಬ್ಬಿಣ ಮೀನನ್ನು ಹಿಡಿಯುತ್ತಿತ್ತು, ಮೀನು ಕಬ್ಬಿಣವನ್ನು ಕಾಯುತ್ತಿತ್ತು. ನಮ್ಮೂರಿನ ಅರ್ಥಶಾಸ್ತ್ರ ಇಷ್ಟೇ.

ಸಾಲೆಯ ಮರಿಗೆಯ ನೀರಿಗೂ ಒಂದು ಪ್ರತಿಷ್ಠೆ ಇತ್ತು. ಗಾಳ ಚುಚ್ಚಿಸಿಕೊಂಡ ಮೀನುಗಾರರು ನೇರ ಸಾಲೆಗೆ ಬರುವರು. ಗಾಳದ ಮುಳ್ಳನ್ನು ಹಿಂದಕ್ಕೆಳೆದರೆ ಮಾಂಸ ಹರಿಯುತ್ತದೆಂದು ತಂದೆಯವರು ಅದನ್ನು ಮುಂದಕ್ಕೆ ದೂಡಿ, ಹೊರಬಂದ ಮುಳ್ಳನ್ನು ಕತ್ತರಿಸಿ, ದಂಡವನ್ನು ಮೆಲ್ಲನೆ ಹಿಂದಕ್ಕೆ ತೆಗೆಯುತ್ತಿದ್ದರು. ಆ ಕ್ರಮ ಸರಿಯಾದದ್ದೇ ಎಂದು ವೈದ್ಯರೂ ಒಪ್ಪುತ್ತಾರೆ. ಆದರೆ ಬಳಿಕ ಗಾಯವನ್ನು ಮರಿಗೆಯ ನೀರಿನಲ್ಲಿ ಅದ್ದಿಸುತ್ತಿದ್ದರಲ್ಲ, ಅದು ಮಾತ್ರ ದೊಡ್ಡ ತಪ್ಪು. ನನ್ನ ತರಗತಿಯ ಹುಡುಗನೊಬ್ಬ, ಕಾಲಿಗೆ ಮೊಳೆ ಚುಚ್ಚಿಸಿಕೊಂಡ ಹತ್ತನೆಯ ದಿನ, ದವಡೆ ಕಚ್ಚಿಕೊಂಡು ಧನುರ್ವಾಯುವಿನಿಂದ ತೀರಿಕೊಂಡ. ತುಕ್ಕು ವಿಷವೆಂದು ಊರಿನವರು ತುಕ್ಕಿಗೆ ಶಾಪ ಹಾಕಿದರು. ವಿಷವಿರುವುದು ತುಕ್ಕಿನಲ್ಲಲ್ಲ, ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ವರ್ಷಗಟ್ಟಲೆ ಬದುಕಿರುವ ರೋಗಾಣುವಿನ ಬೀಜಗಳು ಆಳವಾದ ಗಾಯದಲ್ಲಿ, ಗಾಳಿ ಸೋಕದೆಡೆ, ಮೊಳೆಯುತ್ತವೆ. ಹೊಳೆಯುವ ಹೊಸ ಮೊಳೆಯೂ ಅದನ್ನು ಒಳಗೆ ಒಯ್ಯಬಲ್ಲದು. ಲಸಿಕೆಯ ದೆಸೆಯಿಂದ ನವಜಾತ ಶಿಶುಗಳ ಧನುರ್ವಾಯುವಿನಿಂದ ಭಾರತ ಮುಕ್ತವಾಯಿತೆಂದು 2015ರಲ್ಲಿ ಪ್ರಮಾಣೀಕರಿಸಲಾಯಿತು. ದೊಡ್ಡವರು ಮಾತ್ರ ತಮ್ಮ ಕೊನೆಯ ಚುಚ್ಚುಮದ್ದು ಯಾವಾಗ ಆಯಿತೆಂಬುದನ್ನು ಮರೆತಿರುತ್ತಾರೆ. ಟಿ.ಟಿ.ಯ ಸ್ಥಾನಕ್ಕೆ ಈಗ ಬಂದಿರುವ ಟಿ.ಡಿ. ಲಸಿಕೆಯನ್ನು ಹತ್ತು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕೆಂಬುದನ್ನು ನೆನಪಿಸಿದರೆ ಸಾಕು.

ಬಿಳಿಚಿಕೊಂಡ ಗರ್ಭಿಣಿಯರಿಗಾಗಿ ಕಾದ ಕಬ್ಬಿಣ ಅದ್ದಿದ ನೀರನ್ನು ಕೇಳಿಕೊಂಡು ಹೆಂಗಸರೂ ಬರುತ್ತಿದ್ದರು. ಇದನ್ನು ಬರೀ ಮೌಢ್ಯವೆಂದು ತಳ್ಳುವ ಹಾಗಿಲ್ಲವೆಂಬುದಕ್ಕೆ ಕಾಂಬೋಡಿಯದ ಒಂದು ಪ್ರಸಂಗವನ್ನು ಹೇಳಬೇಕು. 2008ರಲ್ಲಿ ಕ್ರಿಸ್ಟೊಫರ್ ಚಾರ್ಲ್ಸ್ ಎಂಬ ಕೆನಡಾದ ಸಂಶೋಧಕ, ಅಡುಗೆಯ ಪಾತ್ರೆಯಲ್ಲಿ ಕುದಿಸಲೆಂದು ಅಲ್ಲಿನ ಹಳ್ಳಿಯ ಹೆಂಗಸರಿಗೆ ಕಬ್ಬಿಣದ ಗಟ್ಟಿಗಳನ್ನು ಕೊಟ್ಟ. ಯಾರೂ ಅದನ್ನು ಪಾತ್ರೆಗೆ ಹಾಕಲಿಲ್ಲ. ಅಲ್ಲಿ ಅದೃಷ್ಟದ ಸಂಕೇತವೆನಿಸಿದ ಮೀನಿನ ಆಕಾರದಲ್ಲಿ ಎರಕ ಹೊಯ್ದು ಕೊಟ್ಟಾಗ ಹಾಕಿದರು! ಆರಂಭದಲ್ಲಿ ಫಲ ಕಂಡಿತು. ಆದರೆ 2017ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಪ್ರಯೋಜನ ಕಾಣಲಿಲ್ಲ. ಅಲ್ಲಿನ ಹಲವರ ರಕ್ತಹೀನತೆಗೆ ಕಾರಣ ಕಬ್ಬಿಣದ ಕೊರತೆಯಾಗಿರದೆ ಆನುವಂಶಿಕ ರಕ್ತದೋಷವಾಗಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಗುಜರಾತಿನಲ್ಲಿ 15ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ 65 ಮಂದಿ ರಕ್ತಹೀನರು. ಮರಿಗೆಯ ನೀರಾಗಲಿ ಕಬ್ಬಿಣದ ಮೀನಾಗಲಿ ರಕ್ತಪರೀಕ್ಷೆಗೆ ಬದಲಾಗಲಾರದು.

ಇನ್ನು ಸದ್ದಿನ ವಿಚಾರ. ಗಂಗೊಳ್ಳಿಯಲ್ಲಿ ಎರಡು ಸದ್ದುಗಳು ಹಗಲೆಲ್ಲ ಸ್ಪರ್ಧೆ ಮಾಡುತ್ತಿದ್ದವು: ಕಡಲಿನದು, ನಮ್ಮ ಸಾಲೆಯದು. ತಂದೆಯವರು ಹತ್ತನೆಯ ವಯಸ್ಸಿಗೆ ಸುತ್ತಿಗೆ ಹಿಡಿದವರು. ನಾನು ಹುಟ್ಟುವ ವೇಳೆಗಾಗಲೇ ಅವರಿಗೆ ಒಂದು ಮಾತನ್ನು ಎರಡು ಸಲ ಹೇಳಬೇಕಾಗುತ್ತಿತ್ತಂತೆ. ಆದರೆ ಅವರು ಕಿವುಡರೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಏಕೆಂದರೆ ಮಳೆಗಾಲದಲ್ಲಿ ಕಡಲಿನ ಮೊರೆತ ಬದಲಾದುದನ್ನು ಎಲ್ಲರಿಗಿಂತ ಮೊದಲು ಹೇಳುತ್ತಿದ್ದವರು ಅವರೇ. ತಿದಿಯ ಉಸಿರು ಸ್ವಲ್ಪ ತಪ್ಪಿದರೂ ನನ್ನತ್ತ ಕಣ್ಣು ಕೆಕ್ಕರಿಸುತ್ತಿದ್ದರು. ಅಮ್ಮ ಅಡುಗೆಮನೆಯಿಂದ ಕರೆದರೆ ಮಾತ್ರ ಉತ್ತರವಿಲ್ಲ. ತಂಗಿಯ ತೆಳ್ಳನೆಯ ದನಿಗಂತೂ ತಿರುಗಿಯೂ ನೋಡರು. ನಾವು ಕಂಡುಕೊಂಡ ವ್ಯಾಖ್ಯಾನವೆಂದರೆ, ಅಪ್ಪಯ್ಯನಿಗೆ ಬಿಗುಮಾನ, ಬೇಕೆನಿಸಿದ್ದು ಮಾತ್ರ ಕೇಳುತ್ತದೆ. ತಂಗಿ ಮದುವೆಯಾಗಿ ಹೋಗುವ ತನಕ ಅವರು ತನ್ನನ್ನು ಪ್ರೀತಿಸುವುದಿಲ್ಲವೆಂದೇ ನಂಬಿದ್ದಳು.

1971ರ ನೂಲ ಹುಣ್ಣಿಮೆಯ ಹೊತ್ತು. ಕಡಲಿಗೆ ತೆಂಗಿನಕಾಯಿ ಅರ್ಪಿಸಿ ದೋಣಿಗಳನ್ನು ಇಳಿಸುವ ಕಾಲ; ಇಲ್ಲಿ ನಾರಿಯೇಳಿ ಪೂನಮ್ ಎನ್ನುವುದೂ ಅದನ್ನೇ. ತಂದೆಯವರ ಬಾಲ್ಯಸ್ನೇಹಿತರಾಗಿದ್ದ ತಾಂಡೇಲರೊಬ್ಬರು ಸಾಲೆಗೆ ಬಂದರು. (ದೋಣಿಯ ಮುಖಂಡನಿಗೆ ನಮ್ಮಲ್ಲಿಯೂ ದಕ್ಷಿಣ ಗುಜರಾತಿನಲ್ಲಿಯೂ ಇದೇ ಹೆಸರಿರುವುದು ಗಮನಿಸತಕ್ಕದ್ದು.) ಹಳೆಯ ಲಂಗರಿನ ಎರಡು ಕೊಕ್ಕೆಗಳು ಸವೆದಿದ್ದವು. ಹೊಸತೊಂದು ಬೇಕಿತ್ತು. ಆಗ ನಾನು ರಜೆಯಲ್ಲಿ ಊರಿಗೆ ಬಂದು ಬಾಗಿಲ ಬಳಿ ನಿಂತಿದ್ದೆ. ತಾಂಡೇಲರು ಹೋಗುತ್ತ ಹೋಗುತ್ತ, “ಆಚಾರ್ರೆ, ಶುಕ್ರವಾರಕ್ ಆಯ್ಕ್ ಕಾಣಿ” ಎಂದರು. ತಂದೆಯವರು ತಲೆಯಾಡಿಸಿದರು. ಸುತ್ತಿಗೆ ನಿಲ್ಲಿಸಲಿಲ್ಲ.

ಶುಕ್ರವಾರ ತಾಂಡೇಲರ ಹುಡುಗ ಬಂದಾಗ ಲಂಗರು ಇನ್ನೂ ನಾಲ್ಕು ಸಲಾಕೆಗಳಾಗಿಯೇ ಬಿದ್ದಿತ್ತು. ‘ಸೋಮವಾರವೆಂದು ಹೇಳಿ ಶುಕ್ರವಾರ ಬಂದರೆ ಹೇಗೆ?’ ಎಂದು ತಂದೆಯವರು ಸಿಡುಕಿದರು. ಹುಡುಗ ಹಿಂದಿರುಗಿದ. ತಾಂಡೇಲರು ಹಳೆಯ ಲಂಗರನ್ನೇ ಹೊತ್ತು ಅಂಜಲ್ ಮೀನಿಗೆ ಹೋದರು. ಆ ರಾತ್ರಿ ಗಾಳಿ ಎದ್ದಿತು, ಲಂಗರು ಜಾರಿತು, ಬಲೆ ಬಂಡೆಗಳಿಗೆ ಸಿಕ್ಕಿ ಚಿಂದಿಯಾಯಿತು. ಜೀವಹಾನಿಯಾಗಲಿಲ್ಲವೆಂಬುದೇ ಪುಣ್ಯ. ಸಾಲ ಮಾಡಿ ಕೊಂಡ ನೈಲಾನ್ ಬಲೆ ಅದು.

ನಗದು ಕೊಡುವ ಬೇರೆ ದೋಣಿಯ ಕೆಲಸವನ್ನು ಮೊದಲು ಮಾಡಿಕೊಟ್ಟು ತನ್ನದನ್ನು ಹಿಂದೆ ಹಾಕಿದರೆಂದು ತಾಂಡೇಲರು ತಿಳಿದರು. ಸ್ನೇಹಿತ ತನ್ನ ತಪ್ಪನ್ನು ನನ್ನ ತಲೆಗೆ ಕಟ್ಟುತ್ತಿದ್ದಾನೆಂದು ತಂದೆಯವರು ತಿಳಿದರು. ಸೋಮವಾರದ ಹೊತ್ತಿಗೆ ಲಂಗರು ಸಿದ್ಧವಾಗಿತ್ತು, ತಂದೆಯವರು ಮಾಡಿದವುಗಳಲ್ಲೆಲ್ಲ ಅಚ್ಚುಕಟ್ಟಾದುದು. ಅದಕ್ಕೆ ಮೀನೆಣ್ಣೆ ಒರೆಸಿ ಬಾಗಿಲ ಬಳಿ ತೂಗುಹಾಕಿದರು. ಕೊಂಡೊಯ್ಯಲು ಯಾರೂ ಬರಲಿಲ್ಲ, ಇವರು ಕಳುಹಿಸಲಿಲ್ಲ. ಬೇರೆಯವರು ಬೆಲೆ ಕೇಳಿದರೆ ‘ಅದು ಮಾರಾಟಕ್ಕಲ್ಲ’ ಎನ್ನುವರು. ನಮ್ಮ ಮನೆಗೆ ಬರುತ್ತಿದ್ದ ಬಂಗುಡೆಯ ಬುಟ್ಟಿ ನಿಂತಿತು. ನಾನು ಬಾಗಿಲಲ್ಲೇ ನಿಂತು ‘ಶುಕ್ರವಾರ’ ಎಂಬುದನ್ನು ಕಿವಿಯಾರೆ ಕೇಳಿದ್ದೆ. ಆದರೂ ತಂದೆಯ ಎದುರು ಬಾಯಿಬಿಡಲಿಲ್ಲ. ಇದನ್ನು ಬರೆಯಲು ಇಂದಿಗೂ ನನಗೆ ಸುಲಭವಾಗುತ್ತಿಲ್ಲ.

ಅನಂತರದ ಕಥೆ ನಿಮ್ಮಲ್ಲಿ ಹಲವರು ಬಲ್ಲಿರಿ. ಎಪ್ಪತ್ತರ ದಶಕದ ನಡುವಿನಲ್ಲಿ ಯಂತ್ರದೋಣಿಗಳು ಪರ್ಸೀನ್ ಬಲೆ ಹೊತ್ತು ಬಂದವು. ದಡಕ್ಕೆ ಬರುವ ಮೊದಲೇ ಬಂಗುಡೆಯ ಹಿಂಡನ್ನು ಕಡಲಿನಲ್ಲೇ ಸುತ್ತುವರಿದು ಎತ್ತಿದವು. ಕೆಲವೇ ವರ್ಷಗಳಲ್ಲಿ ರಂಪಣಿಯ ಹಗ್ಗ ಎಳೆಯುವವರಿಲ್ಲದಾದರು. ಹೊಸ ದೋಣಿಗಳಿಗೆ ಬೇಕಾದದ್ದು ಲೇತು, ವೆಲ್ಡಿಂಗು, ಕಾರ್ಖಾನೆಯ ಸರಪಣಿ. ಕುಲುಮೆಯ ಕೆಲಸ ಕತ್ತಿ, ಮೆಟ್ಟುಗತ್ತಿ, ಹಾರೆಗಳಿಗೆ ಇಳಿಯಿತು. ನಾನು ಐ.ಟಿ.ಐ. ಮುಗಿಸಿ, ಮುಂಬಯಿಯಲ್ಲಿ ಕೆಲಕಾಲ ದುಡಿದು, 1986ರಲ್ಲಿ ಹಜೀರಾ ಕಡೆಯ ಒಂದು ಕಾರ್ಖಾನೆಗೆ ಸೇರಿ ಸೂರತ್ತಿನವನಾದೆ. ಅಲ್ಲಿಯೂ ಕಬ್ಬಿಣವೇ. ಸುತ್ತಿಗೆ ಮಾತ್ರ ಉಗಿಯಿಂದ ನಡೆಯುತ್ತಿತ್ತು.

ಅಮ್ಮ ತೀರಿಕೊಂಡ ಮೇಲೆ, 1988ರಲ್ಲಿ, ತಂದೆಯವರನ್ನು ಅಡಾಜಣಿಗೆ ಕರೆತಂದೆ. ಅವರು ಸಂಜೆ ತಾಪಿಯ ದಡದಲ್ಲಿ ಕುಳಿತು ‘ನೀರು ಹತ್ತುತ್ತಿದೆ’ ಎಂದು ಭರತವನ್ನು ಗುರುತಿಸುತ್ತಿದ್ದರು. ಆಗ ಮೂರು ವರ್ಷದವಳಾಗಿದ್ದ ನನ್ನ ಮಗಳು ‘ಅಜ್ಜಾ’ ಎಂದು ಬೆನ್ನ ಹಿಂದೆ ಎಷ್ಟು ಕರೆದರೂ ತಿರುಗುತ್ತಿರಲಿಲ್ಲ. ಅವಳು ಅಳುತ್ತ ಬಂದಾಗ ನನಗೆ ತಂಗಿಯ ನೆನಪಾಯಿತು. ಮರುವರ್ಷ ಕಿವಿಯ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ.

ಪರೀಕ್ಷೆಯ ನಕ್ಷೆಯನ್ನು ವೈದ್ಯರು ಮೇಜಿನ ಮೇಲೆ ಹರಡಿದರು. ಎಡದ ಕೆಳದನಿಗಳ ಕಡೆ ಗೆರೆ ಬಹುಮಟ್ಟಿಗೆ ಸರಿಯಾಗಿಯೇ ಹೊರಟು, ಮೂರರಿಂದ ಆರು ಸಾವಿರ ಹರ್ಟ್ಜ್ ಬಳಿ ಬಾವಿಯಲ್ಲಿ ಬಿದ್ದಂತೆ ಕೆಳಕ್ಕೆ ಇಳಿದಿತ್ತು. ‘ಇವರು ಕಮ್ಮಾರರೇ?’ ಎಂದು ಅವರೇ ಕೇಳಿದರು. ಒಳಕಿವಿಯ ಶಂಖದಲ್ಲಿ ಸುಮಾರು ಹದಿನೈದು ಸಾವಿರ ಸೂಕ್ಷ್ಮವಾದ ರೋಮಕೋಶಗಳಿರುತ್ತವೆ. ಹೊಡೆತದಂಥ ಸದ್ದಿಗೆ ಮೊದಲು ಸಾಯುವುವು ನಾಲ್ಕು ಸಾವಿರ ಹರ್ಟ್ಜ್‌ನ ಆಸುಪಾಸಿನ ಮೇಲ್ದನಿಗಳನ್ನು ಹಿಡಿಯುವಂಥವು. ಸತ್ತವು ಮತ್ತೆ ಹುಟ್ಟುವುದಿಲ್ಲ. ಸ್ವರಗಳು ಕೆಳದನಿಯವು, ಆದುದರಿಂದ ಉಳಿಯುತ್ತವೆ. ಸಕಾರ, ಶಕಾರದಂಥ ವ್ಯಂಜನಗಳು ಮೇಲ್ದನಿಯವು, ಆದುದರಿಂದ ಅಳಿಯುತ್ತವೆ. ಹೀಗಾಗಿ ಮಾತಾಡಿದ್ದು ಕೇಳುತ್ತದೆ, ಆಡಿದ ಮಾತು ಯಾವುದೆಂದು ತಿಳಿಯುವುದಿಲ್ಲ. ಗಂಡಸಿನ ದಪ್ಪ ದನಿ ನಿಲುಕುತ್ತದೆ, ಹೆಂಗಸರ ಮತ್ತು ಮಕ್ಕಳ ದನಿ ತಪ್ಪುತ್ತದೆ. ಕಡಲಿನ ಮೊರೆತ ಕೊನೆಯವರೆಗೂ ಕೇಳುತ್ತಿರುತ್ತದೆ.

ಇದೆಲ್ಲವನ್ನೂ ಮನೆಗೆ ಬಂದು ಮಗಳ ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಸೋಮವಾರ, ಶುಕ್ರವಾರ, ಶನಿವಾರ ಎಂದೂ ಬರೆದು, ಮೊದಲಕ್ಷರಗಳಿಗೆ ಗೆರೆ ಎಳೆದೆ. ಸುತ್ತಿಗೆ ಬಡಿಯುತ್ತಿರುವಾಗ ಬಾಗಿಲಿನಿಂದ ಕೂಗಿದರೆ ‘ವಾರ’ವೊಂದೇ ಒಳಗೆ ತಲುಪುವುದೆಂದು ಹೇಳಿದೆ. ತಂದೆಯವರು ಬಹಳ ಹೊತ್ತು ಸ್ಲೇಟನ್ನು ನೋಡಿದರು. ಆಮೇಲೆ ಅವರಾಡಿದ್ದು ಒಂದೇ ಮಾತು: “ಹಂಗಾರೆ ಅಂವ ಶುಕ್ರವಾರ ಅಂದದ್ದೇ ಸೈ.”

ಈ ಕಿವುಡು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಇಟಲಿಯ ವೈದ್ಯ ರಾಮಾಜ್ಜಿನಿ ಹದಿನೆಂಟನೆಯ ಶತಮಾನದ ಆದಿಯಲ್ಲಿಯೇ ವೆನಿಸಿನ ತಾಮ್ರಕುಟಿಗರು ಕಿವುಡಾಗುವುದನ್ನು ಬರೆದಿಟ್ಟ. 1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್ ಬಾಯ್ಲರ್ ಕಟ್ಟುವ ನೂರು ಕೆಲಸಗಾರರನ್ನು ಪರೀಕ್ಷಿಸಿದಾಗ ಒಬ್ಬನ ಶ್ರವಣವೂ ಸರಿಯಾಗಿರಲಿಲ್ಲ. ನಮ್ಮ ಕನ್ನಡ ನಾಡಿನಲ್ಲೇ, ಮೈಸೂರಿನಲ್ಲಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪನೆಯಾಗಿತ್ತು. ಅಂದರೆ ಆ ಲಂಗರಿನ ಜಗಳ ನಡೆಯುವಾಗ ಅದಕ್ಕೆ ಆರು ವರ್ಷ. ಸದ್ದಿನಿಂದಾಗುವ ಕಿವುಡು ಕಾರ್ಖಾನೆಗಳ ಕಾಯಿದೆಯಲ್ಲಿ ಅಧಿಸೂಚಿತ ರೋಗಗಳ ಪಟ್ಟಿಗೂ ಸೇರಿತು. ಗರಿಯ ಮಾಡಿನ ಸಾಲೆಯನ್ನು ಯಾವ ಕಾಯಿದೆ ಕಾರ್ಖಾನೆಯೆಂದು ಕರೆದೀತು?

ತಂದೆಯವರು ಹೇಳಿ ಬರೆಸಿದ ಕಾಗದವನ್ನು ಗಂಗೊಳ್ಳಿಗೆ ಅಂಚೆಯಲ್ಲಿ ಕಳುಹಿಸಿದೆ. ಉತ್ತರ ಬರಲಿಲ್ಲ. 1990ರಲ್ಲಿ ನಾವು ಊರಿಗೆ ಹೋದಾಗ, ಮೂರನೆಯ ದಿನ ಬೆಳಿಗ್ಗೆ, ತಾಂಡೇಲರು ಒಂದು ಬುಟ್ಟಿ ಬಂಗುಡೆ ಹೊರಿಸಿಕೊಂಡು ತಾವಾಗಿ ಬಂದರು. ಬಂದು ಜಗಲಿಯ ಮೇಲೆ ಕುಳಿತು ತಂದೆಯವರನ್ನು ನೋಡಿದರು. ಮಾತಿಗೆ ಮೊದಲಿಟ್ಟ ಮೇಲೆ ತಿಳಿದದ್ದೇನೆಂದರೆ, ಮಕ್ಕಳ ಯಂತ್ರದೋಣಿಯಲ್ಲಿ ಡೀಸೆಲ್ ಇಂಜಿನ್ನಿನ ಪಕ್ಕದಲ್ಲಿ ಹತ್ತು ವರ್ಷ ಕುಳಿತು ಅವರ ಕಿವಿಯೂ ಹೋಗಿತ್ತು.

“ಲಂಗರ್ ಇತ್ತಾ ಆಚಾರ್ರೆ?” ಎಂದು ತಾಂಡೇಲರು ಕೂಗಿದರು.

“ಎಂತ?”

“ಲಂಗರ್!”

“ಇತ್ತ್, ಇತ್ತ್. ತಕಂಡ್ ಹೋಯ್ನಿ!”

“ತಕಂಡ್ ಹೋಯಿ ಎಂತ ಮಾಡೂದ್? ಕಟ್ಟುಕೆ ದೋಣಿ ಎಲ್ಲಿತ್ತ್?”

ಇಬ್ಬರೂ ನಕ್ಕರು. ಬೀದಿಯಲ್ಲಿ ಹೋಗುತ್ತಿದ್ದವರು ಜಗಳವಾಗುತ್ತಿದೆಯೆಂದು ಇಣುಕಿದರು. ನಾನೂ ಆ ದಿನ ಬಾಗಿಲಲ್ಲಿ ನಿಂತಿದ್ದೆನೆಂಬುದನ್ನು ಅವರಿಬ್ಬರಿಗೂ ಹೇಳಬೇಕೆಂದುಕೊಂಡೆ. ಅಷ್ಟು ಗಟ್ಟಿಯಾಗಿ ಕೂಗಿ ಹೇಳುವ ಧೈರ್ಯವಾಗಲಿಲ್ಲ.

ತಂದೆಯವರು 1993ರಲ್ಲಿ ತೀರಿಕೊಂಡರು. ಕೊಂಕಣ ರೈಲುಮಾರ್ಗ 1998ರ ಜನವರಿಯಲ್ಲಿ ಪೂರ್ತಿ ತೆರೆದ ಮೇಲೆ, ಕುಂದಾಪುರದಲ್ಲಿ ಹತ್ತಿ, ಗೋಣಿಯಲ್ಲಿ ಸುತ್ತಿದ ಲಂಗರನ್ನು ಆಸನದ ಕೆಳಗೆ ತಳ್ಳಿ ಸೂರತ್ತಿಗೆ ತಂದೆ. ಗೋಣಿಯೊಳಗೇನೆಂದು ಕೇಳಿದ ಸಹಪ್ರಯಾಣಿಕರಿಗೆ ಸತ್ಯವನ್ನೇ ಹೇಳಿದೆ, ಯಾರೂ ನಂಬಲಿಲ್ಲ.

ನನ್ನ ಕಿವಿಯ ವಿಷಯವನ್ನು ಕೊನೆಗಾದರೂ ಹೇಳಲೇಬೇಕು. ಕಾರ್ಖಾನೆಯಲ್ಲಿ ಕಿವಿಗೆ ಹಾಕಿಕೊಳ್ಳುವ ಬೆಣೆಗಳನ್ನು ಕೊಡುತ್ತಿದ್ದರು; ನಾನು ಅವುಗಳನ್ನು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದೆ. ಕಮ್ಮಾರನ ಮಗನಿಗೆ ಸದ್ದೆಂದರೆ ಭಯವೇ ಎಂಬ ಒಣ ಜಂಬ. 1989ರಲ್ಲಿ ತಂದೆಯವರ ನಕ್ಷೆ ನೋಡಿದ ಮರುದಿನದಿಂದ ಹಾಕಿಕೊಂಡೆ. ಆ ಹೊತ್ತಿಗೆ ನನ್ನ ನಕ್ಷೆಯಲ್ಲಿಯೂ ಬಾವಿ ತೋಡಿಯಾಗಿತ್ತು, ತಂದೆಯವರದಷ್ಟು ಆಳವಿರಲಿಲ್ಲ ಅಷ್ಟೆ. ಈಗ ಶ್ರವಣಯಂತ್ರ ಬಳಸುತ್ತೇನೆ. ಕನ್ನಡಕಕ್ಕೆ ನಾಚದ ನಾವು ಇದಕ್ಕೇಕೆ ನಾಚಬೇಕೋ ತಿಳಿಯದು. ಮಧ್ಯವಯಸ್ಸಿನ ಕಿವುಡನ್ನು ಅಲಕ್ಷಿಸಿದರೆ ಮುಪ್ಪಿನಲ್ಲಿ ಮರೆವಿನ ರೋಗದ ಸಂಭವ ಹೆಚ್ಚುವುದೆಂದು 2017ರಿಂದೀಚೆಗೆ ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞಮಂಡಲಿ ಮತ್ತೆ ಮತ್ತೆ ಎಚ್ಚರಿಸಿದೆ.

ನಮ್ಮ ಸಂಘದಲ್ಲಿ ಮಗ್ಗದ ಕಾರ್ಖಾನೆಗಳಲ್ಲಿಯೂ ಹಜೀರಾದ ಯಂತ್ರಾಗಾರಗಳಲ್ಲಿಯೂ ದುಡಿಯುವವರಿರುವುದರಿಂದ ಒಂದೆರಡು ಲೆಕ್ಕಗಳನ್ನು ಹೇಳಿಬಿಡುತ್ತೇನೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಕಳೆಯಬಹುದೆಂಬುದು ತಜ್ಞರ ಮಿತಿ. ಸದ್ದು ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 100ಕ್ಕೆ ಕೇವಲ ಕಾಲು ಗಂಟೆ. ವಿದ್ಯುತ್ ಮಗ್ಗಗಳ ಶೆಡ್ಡಿನಲ್ಲಿ ಸದ್ದು ಸಾಮಾನ್ಯವಾಗಿ 90ನ್ನು ಮೀರಿರುತ್ತದೆ. ಒಂದು ಮೊಳ ದೂರದಲ್ಲಿರುವವನೊಡನೆ ಕೂಗಿ ಮಾತಾಡಬೇಕಾದರೆ ಆ ಸ್ಥಳ ಕಿವಿಗೆ ಅಪಾಯಕಾರಿಯೆಂದೇ ತಿಳಿಯಬೇಕು. ಕೆಲಸ ಬಿಟ್ಟ ಮೇಲೆ ಕಿವಿಯಲ್ಲಿ ಜೀರುಂಡೆ ಕೂಗಿದಂತಾದರೆ ಅದು ಕಿವಿಯ ದೂರು. ಹತ್ತಿ ತುರುಕುವುದರಿಂದ ಏನೂ ಆಗದು, ಸರಿಯಾದ ಬೆಣೆ ಅಥವಾ ಮುಚ್ಚಳವೇ ಬೇಕು. ಬಿಸಿ ಎಣ್ಣೆ ಬಿಡುವ ನಮ್ಮ ಅಜ್ಜಿಯರ ಮದ್ದು ಸತ್ತ ಕೋಶಗಳನ್ನು ಬದುಕಿಸದು, ತಮಟೆ ತೂತಾಗಿದ್ದರೆ ಹೊಸ ರೋಗವನ್ನೂ ತಂದೀತು. ಮನೆಯಲ್ಲಿ ಯಾರಾದರೂ ಹಿರಿಯರು ಕರೆದರೆ ಓಗೊಡುವುದಿಲ್ಲವೆಂದು ನಿಮಗೆ ಸಿಟ್ಟು ಬರುತ್ತಿದ್ದರೆ, ಸಿಟ್ಟಿಗೆ ಮೊದಲು ಪರೀಕ್ಷೆ ಮಾಡಿಸಿ. ಅರ್ಧ ಗಂಟೆಯ ಕೆಲಸ, ನೋವಿಲ್ಲ.

ಲಂಗರಿನ ಸಮಾಚಾರ ಇನ್ನೊಂದಿಷ್ಟಿದೆ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ತಾಪಿಯನ್ನು ಉಕ್ಕಿಸಿ ಅಡಾಜಣನ್ನು ಮುಳುಗಿಸಿದಾಗ ನಾವು ನೆಲಮಹಡಿಯಲ್ಲಿದ್ದೆವು. ಮೇಲಿನ ಮನೆಯವರ ಆಶ್ರಯದಲ್ಲಿ ಉಳಿದು, ನೀರು ಇಳಿದ ಮೇಲೆ ಬಾಗಿಲು ತೆರೆದರೆ, ಮೊಣಕಾಲುದ್ದದ ಕೆಸರಿನಲ್ಲಿ ಮಂಚ, ಕಪಾಟುಗಳೆಲ್ಲ ತೇಲಿ ತಲೆಕೆಳಗಾಗಿದ್ದವು. ಲಂಗರು ಮಾತ್ರ ಇದ್ದಲ್ಲೇ ಇತ್ತು. ತೊಳೆದು ನೋಡಿದರೆ ತುಕ್ಕು ಹಿಡಿಯತೊಡಗಿತ್ತು. ಅಂದಿನಿಂದ ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಅದಕ್ಕೆ ಎಣ್ಣೆ ಹಚ್ಚುತ್ತೇನೆ. ಇಲ್ಲಿ ಬೈಗೆ ಮೀನಿನ ಎಣ್ಣೆ ಎಲ್ಲಿಂದ ತರುವುದು? ಅಗಸೆ ಎಣ್ಣೆಯಲ್ಲಿಯೇ ಕೆಲಸ ಸಾಗಿಸುತ್ತಿದ್ದೆ. ಕಳೆದ ಬಾರಿ ಮೊಮ್ಮಗಳು, ಔಷಧಿ ಅಂಗಡಿಯಲ್ಲಿ ಮೀನೆಣ್ಣೆಯ ಕ್ಯಾಪ್ಸೂಲು ಸಿಗುತ್ತದಲ್ಲ ಅಜ್ಜಾ ಎಂದು ಹೇಳಿ, ಒಂದು ಡಬ್ಬಿ ತಂದು, ನನ್ನೊಡನೆ ಕುಳಿತು, ಒಂದೊಂದಾಗಿ ಸೂಜಿಯಿಂದ ಚುಚ್ಚಿ ಹಿಂಡಿಕೊಟ್ಟಳು. ನಾಲ್ಕೂ ಕೊಕ್ಕೆಗಳಿಗೆ ಒರೆಸಿದೆವು. ಎರಡು ದಿನ ಮನೆಯೆಲ್ಲ ಬೈಗೆ ಮೀನಿನ ವಾಸನೆ. ನೆರೆಮನೆಯ ವೃದ್ಧೆ ಆ ಎರಡು ದಿನ ನಮ್ಮ ಬಾಗಿಲ ಕಡೆ ಬರಲಿಲ್ಲ.